ಜಪಾನೀ ಶೈಲಿಯಲ್ಲಿ ಬದನೆಕಾಯಿ: ಮೈಸೂರು, ಮಂಡ್ಯದ ಅಡುಗೆಮನೆಗೊಂದು ಸಮಗ್ರ ಮಾರ್ಗದರ್ಶಿ

ಎಣ್ಣೆಗಾಯಿ ಇರಲಿ, ವಾಂಗಿಬಾತ್ ಇರಲಿ, ಹುಳಿ ಇರಲಿ, ನಮ್ಮ ಕಡೆ ಬದನೆಕಾಯಿ ಬೇಯುವುದು ಮಸಾಲೆಯ ಜೊತೆಯಲ್ಲೇ. ಕಾಯಿ ಮೆತ್ತಗಾಗುವ ಹೊತ್ತಿಗೆ ಖಾರ, ಹುಳಿ, ಬೆಲ್ಲ ಎಲ್ಲ ಒಳಗೆ ಇಳಿದಿರುತ್ತದೆ. ಇಲ್ಲಿ ಹೇಳುವ ಜಪಾನೀ ಅಡುಗೆಗಳ ಕ್ರಮ ಇದಕ್ಕೆ ಉಲ್ಟಾ. ಅಲ್ಲಿ ಮೊದಲು ಬರೀ ಬದನೆಯನ್ನು ಬೆಂಕಿಯಲ್ಲೋ ಎಣ್ಣೆಯಲ್ಲೋ ಪೂರ್ತಿ ಬೇಯಿಸುತ್ತಾರೆ, ಉಪ್ಪು ಸಿಹಿ ಎಲ್ಲ ಆಮೇಲೆ ಸೇರುತ್ತದೆ. ಇದೊಂದನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ. ಅರ್ಧ ಬೆಂದ ಬದನೆಗೆ ಸೋಯಾ ಸಾಸ್ ಸುರಿದು ಬೇಯಿಸಲು ಹೋದರೆ ಹೊರಗೆ ಉಪ್ಪು, ಒಳಗೆ ಹಸಿ, ನಡುವೆ ರಬ್ಬರಿನಂತೆ ಎಳೆಯುವ ತಿರುಳು ಸಿಗುತ್ತದೆ.

ಇಲ್ಲಿ ಮೂರು ಅಡುಗೆಗಳನ್ನು ವಿವರವಾಗಿ ಕೊಟ್ಟಿದೆ: ಸುಟ್ಟು ಸಿಪ್ಪೆ ತೆಗೆಯುವ ಯಾಕಿ ನಾಸು, ಮಿಸೊ (ಹುದುಗಿಸಿದ ಸೋಯಾ ಮುದ್ದೆ) ಹಚ್ಚುವ ನಾಸು ದೆಂಗಾಕು, ಕರಿದು ಸಾರಿನಲ್ಲಿ ನೆನೆಸುವ ಅಗೆಬಿತಾಶಿ. ಮೊದಲ ಸಲ ಮಾಡುವವರು ಯಾಕಿ ನಾಸುವಿನಿಂದ ಶುರು ಮಾಡಿ. ಅದಕ್ಕೆ ಮನೆಯಲ್ಲಿ ಇಲ್ಲದ ಸಾಮಾನು ಬೇಕಾದರೆ ಒಂದು ಒಳ್ಳೆಯ ಸೋಯಾ ಸಾಸ್ ಮಾತ್ರ.

ಯಾವ ಬದನೆ, ಯಾವುದಕ್ಕೆ

ಜಪಾನಿನ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೊಂದು 80 ರಿಂದ 100 ಗ್ರಾಂ ತೂಗುವ, ತೆಳು ಸಿಪ್ಪೆಯ, ಕಡು ನೇರಳೆ ಬದನೆ. ಕ್ಯೋಟೊ ಊರಿನ ಕಾಮೊ ನಾಸು ಎಂಬ ದಪ್ಪ ಗುಂಡು ತಳಿ ದೆಂಗಾಕುವಿಗೆ ಹೆಸರಾದದ್ದು. ಇವೆರಡೂ ಇಲ್ಲಿ ಸಿಗದಿದ್ದರೆ ಬೇಸರ ಬೇಡ. ದೇವರಾಜ ಮಾರುಕಟ್ಟೆಯಲ್ಲೋ ಮಂಡ್ಯದ ತರಕಾರಿ ಅಂಗಡಿಯಲ್ಲೋ ಸಿಗುವ ಕಾಯಿಗಳಲ್ಲೇ ಇವಕ್ಕೆ ಹೊಂದುವಂಥವು ಇವೆ.

ಉದ್ದನೆಯ ಹಸಿರು ಬದನೆ, ಅಂದರೆ ನಮ್ಮ ಈರನಗೆರೆ ಬದನೆಯ ಜಾತಿ, ಯಾಕಿ ನಾಸುವಿಗೆ ಬಲು ಚೆನ್ನ. ತಿರುಳು ಮೆದು, ಸುಟ್ಟ ಮೇಲೆ ಉದ್ದುದ್ದ ಎಳೆಗಳಾಗಿ ಬಿಡಿಸಿಕೊಳ್ಳುತ್ತದೆ. ಸಿಪ್ಪೆ ಹೇಗಿದ್ದರೂ ಎಸೆಯುವುದರಿಂದ ಬಣ್ಣದ ಚಿಂತೆ ಇಲ್ಲ. ಅಗೆಬಿತಾಶಿಗೆ ಮಾತ್ರ ನೇರಳೆ ಕಾಯಿಯೇ ಆಗಬೇಕು, ಏಕೆಂದರೆ ಅಲ್ಲಿ ಸಿಪ್ಪೆಯ ಹೊಳೆಯುವ ಬಣ್ಣವೇ ಅರ್ಧ ಸೊಗಸು. ಹಸಿರು ಕಾಯಿ ಎಣ್ಣೆಯಲ್ಲಿ ಬಿದ್ದರೆ ಮಾಸಿದ ಖಾಕಿ ಬಣ್ಣಕ್ಕೆ ತಿರುಗುತ್ತದೆ. ದೆಂಗಾಕುವಿಗೆ ಸುಟ್ಟು ಗೊಜ್ಜು ಮಾಡಲು ತರುವ ದಪ್ಪ ನೇರಳೆ ಬದನೆ ತನ್ನಿ, 250 ರಿಂದ 300 ಗ್ರಾಂ ತೂಗುವಂಥದ್ದು. ಎಣ್ಣೆಗಾಯಿಗೆ ತರುವ ಪುಟ್ಟ ಗುಂಡು ಬದನೆ ಈ ಮೂರಕ್ಕೂ ಬೇಡ. ಅದರಲ್ಲಿ ಗಾತ್ರಕ್ಕೆ ಹೋಲಿಸಿದರೆ ಬೀಜ ಜಾಸ್ತಿ, ತಿರುಳು ಕಡಿಮೆ.

ಆರಿಸುವಾಗ ತೊಟ್ಟು ಹಸಿರಾಗಿ, ಮುಳ್ಳು ಚುಚ್ಚುವಂತಿರಬೇಕು. ಬೆರಳಲ್ಲಿ ಒತ್ತಿದರೆ ಕುಳಿ ಹಾಗೇ ಉಳಿಯುವ, ಹೊಳಪು ಮಾಸಿದ ಕಾಯಿ ಬಲಿತದ್ದು. ಒಳಗೆ ಬೀಜ ಕಂದಾಗಿ ಒಗರು ಬಂದಿರುತ್ತದೆ. ಮಸಾಲೆ ಆ ಒಗರನ್ನು ಮುಚ್ಚುತ್ತದೆ, ಸೋಯಾ ಸಾಸ್ ಮುಚ್ಚುವುದಿಲ್ಲ. ಹುಳುಕಿನ ವಿಷಯದಲ್ಲೂ ಇಷ್ಟೇ ಎಚ್ಚರ ಬೇಕು. ಹೋಳು ಮಾಡುವ ಅಡುಗೆಯಲ್ಲಿ ಹುಳ ಕಂಡರೆ ಆ ತುಂಡನ್ನು ಎಸೆಯಬಹುದು. ಯಾಕಿ ನಾಸುವಿನಲ್ಲಿ ಕಾಯಿ ಇಡಿಯಾಗಿ ಸುಡುವುದರಿಂದ ಮೊದಲೇ ನೋಡಿಕೊಳ್ಳಬೇಕು. ತೊಟ್ಟಿನ ಎಸಳುಗಳನ್ನು ಸ್ವಲ್ಪ ಎತ್ತಿ ನೋಡಿ, ಕಾಯಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ. ಸೂಜಿ ಮೊನೆಯಷ್ಟು ತೂತು, ಅದರ ಬಾಯಲ್ಲಿ ಕಂದು ಪುಡಿ ಕಂಡರೆ ಆ ಕಾಯಿ ಬಿಡಿ.

ತಂದ ಕಾಯಿಯನ್ನು ಒಂದೆರಡು ದಿನಕ್ಕೆ ಫ್ರಿಜ್ಜಿನಲ್ಲಿ ಇಡುವ ಅಗತ್ಯವಿಲ್ಲ. ಬದನೆ ಬಿಸಿನಾಡಿನ ಗಿಡ, 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಚ್ಚು ದಿನ ಇದ್ದರೆ ಸಿಪ್ಪೆಯ ಮೇಲೆ ಕುಳಿ ಬೀಳುತ್ತದೆ, ಬೀಜ ಕಪ್ಪಾಗುತ್ತದೆ. ಬಟ್ಟೆ ಸುತ್ತಿ ನೆರಳಲ್ಲಿಟ್ಟರೆ ಸಾಕು.

ಎಣ್ಣೆ ಕುಡಿಯುವುದೇಕೆ

ಬದನೆಯ ತಿರುಳು ಗಾಳಿ ತುಂಬಿದ ಸ್ಪಂಜಿನಂತೆ. ಹಸಿ ಹೋಳನ್ನು ಕಡಿಮೆ ಕಾದ ಎಣ್ಣೆಗೆ ಹಾಕಿದರೆ ಆ ಗಾಳಿಯ ಜಾಗವನ್ನೆಲ್ಲ ಎಣ್ಣೆ ತುಂಬಿಕೊಳ್ಳುತ್ತದೆ. ಆಮೇಲೆ ತಿರುಳು ಬೆಂದು ಕುಸಿದಾಗ ಒಂದಷ್ಟು ಎಣ್ಣೆ ಹೊರಗೆ ಬಂದರೂ ಬಹುಪಾಲು ಒಳಗೇ ಉಳಿಯುತ್ತದೆ. ಇದಕ್ಕೆ ಎರಡು ದಾರಿ ಇವೆ. ಒಂದು, ಎಣ್ಣೆಯನ್ನು 180 ಡಿಗ್ರಿವರೆಗೆ ಕಾಯಿಸಿ ಬೇಗ ಕರಿಯುವುದು. ಇನ್ನೊಂದು, ಎಣ್ಣೆ ಸೋಕುವ ಮೊದಲೇ ಆ ಸ್ಪಂಜನ್ನು ಕುಸಿಯುವಂತೆ ಮಾಡುವುದು. ಎರಡನೆಯದಕ್ಕೆ ಇಡ್ಲಿ ಪಾತ್ರೆ ಸಾಕು. ಸೀಳಿದ ಬದನೆಯನ್ನು ತಟ್ಟೆಯ ಮೇಲಿಟ್ಟು 6 ನಿಮಿಷ ಹಬೆಯಲ್ಲಿ ಬೇಯಿಸಿ, ಬಟ್ಟೆಯಿಂದ ಒರೆಸಿ ಬಾಣಲೆಗೆ ಹಾಕಿದರೆ ಎಣ್ಣೆ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಹೆಚ್ಚಿದ ಬದನೆ ಕಪ್ಪಾಗುವುದು ಅದರಲ್ಲಿರುವ ಕ್ಲೋರೋಜೆನಿಕ್ ಆಮ್ಲ ಗಾಳಿ ತಾಗಿ ಬಣ್ಣ ತಿರುಗುವುದರಿಂದ. ತಕ್ಷಣ ಒಲೆಗೆ ಹಾಕುವುದಾದರೆ ನೀರಲ್ಲಿ ಹಾಕಬೇಕಿಲ್ಲ. ತಡವಾಗುವುದಿದ್ದರೆ 5 ನಿಮಿಷ ನೀರಲ್ಲಿಡಿ, ಆದರೆ ಒದ್ದೆ ಮುಖವನ್ನು ಚೆನ್ನಾಗಿ ಒರೆಸಿ. ಇಲ್ಲದಿದ್ದರೆ ಎಣ್ಣೆ ಮುಖಕ್ಕೆ ಸಿಡಿಯುತ್ತದೆ.

ಸಾಮಾನುಗಳು

ಸೋಯಾ ಸಾಸ್ ಕೊಳ್ಳುವಾಗ ಸೋಯಾ, ಗೋಧಿ, ಉಪ್ಪು, ನೀರು ಇಷ್ಟೇ ಇರುವ, ಹುದುಗಿಸಿ ಮಾಡಿದ ಜಪಾನೀ ಬಗೆಯದನ್ನು ಆರಿಸಿ. ಫ್ರೈಡ್ ರೈಸಿಗೆ ಬಳಸುವ ಕಪ್ಪು, ದಪ್ಪ ಡಾರ್ಕ್ ಸೋಯಾ ಸಾಸ್‌ನಲ್ಲಿ ಹೆಚ್ಚಾಗಿ ಕ್ಯಾರಮೆಲ್ ಬಣ್ಣ ಸೇರಿರುತ್ತದೆ. ಅದನ್ನು ಹಾಕಿದರೆ ಬದನೆ ಕಪ್ಪಾಗಿ ಕಹಿ ತಿರುಗುತ್ತದೆ. ಇದರಲ್ಲಿ ರಾಜಿ ಬೇಡ.

ಮಿಸೊ ಅಂದರೆ ಬೇಯಿಸಿ ಅರೆದ ಸೋಯಾ ಕಾಳಿಗೆ ಕೋಜಿ ಎಂಬ ಶಿಲೀಂಧ್ರ ಬೆಳೆಸಿದ ಅಕ್ಕಿಯನ್ನೋ ಬಾರ್ಲಿಯನ್ನೋ, ಜೊತೆಗೆ ಉಪ್ಪನ್ನೂ ಸೇರಿಸಿ ವಾರಗಟ್ಟಲೆ, ತಿಂಗಳುಗಟ್ಟಲೆ ಹುದುಗಿಸಿದ ಮುದ್ದೆ. ಕ್ಯೋಟೊ ಬಗೆಯ ಸಿಹಿಯಾದ ಬಿಳಿ ಮಿಸೊದಲ್ಲಿ ಉಪ್ಪು ಶೇ. 5 ರಿಂದ 6, ಕೆಂಪು ಮಿಸೊದಲ್ಲಿ ಶೇ. 12 ರ ಆಸುಪಾಸು. ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಿದರೆ ಉಪ್ಪು ಕೆಡುವುದು ಇದರಿಂದಲೇ. ಆನ್‌ಲೈನಿನಲ್ಲಿ ಡಬ್ಬ ತರಿಸಬಹುದು, ಫ್ರಿಜ್ಜಿನಲ್ಲಿ ಗಾಳಿಯಾಡದಂತೆ ಮುಚ್ಚಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಸಸ್ಯಾಹಾರಿಗಳು ಲೇಬಲ್ ಓದಲೇಬೇಕು. ಕೆಲವು ಮಿಸೊಗಳಲ್ಲೂ ದಾಶಿ ಎಂಬ ತಿಳಿಸಾರಿನ ಪುಡಿಗಳಲ್ಲಿ ಬಹುಪಾಲಿನಲ್ಲೂ ಬೋನಿಟೊ ಮೀನು ಸೇರಿರುತ್ತದೆ. ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ.

ಮಿರಿನ್ ಎಂಬ ಸಿಹಿ ಅಕ್ಕಿಮದ್ಯದಲ್ಲಿ ಸುಮಾರು ಶೇ. 14 ಆಲ್ಕೋಹಾಲ್ ಇರುತ್ತದೆ. ಮನೆಯಲ್ಲಿ ಅದು ಬೇಡವೆಂದರೆ 1 ದೊಡ್ಡ ಚಮಚ ಮಿರಿನ್‌ಗೆ ಬದಲಾಗಿ ಅರ್ಧ ದೊಡ್ಡ ಚಮಚ ಸಕ್ಕರೆ, ಅಷ್ಟೇ ನೀರು ಸಾಕು. ಕೆಳಗಿನ ಅಳತೆಗಳಲ್ಲಿ ಮಿರಿನ್ ಇಲ್ಲ, ಸಕ್ಕರೆ ಬೆಲ್ಲವೇ ಇದೆ. ಇಲ್ಲಿ ದೊಡ್ಡ ಚಮಚ ಅಂದರೆ 15 ಮಿ.ಲೀ., ಟೀ ಚಮಚ ಅಂದರೆ 5 ಮಿ.ಲೀ. ಮಂಡ್ಯದ ಬೆಲ್ಲ ಕೆಂಪು ಮಿಸೊ ಜೊತೆ ಸಕ್ಕರೆಗಿಂತ ಚೆನ್ನಾಗಿ ಕೂಡುತ್ತದೆ. ಬಿಳಿ ಮಿಸೊಗೆ ಮಾತ್ರ ಹಾಕಬೇಡಿ, ಬೆಲ್ಲದ ಘಮವೇ ಮುಂದಾಗಿಬಿಡುತ್ತದೆ.

ನಮ್ಮ ಎಳ್ಳೆಣ್ಣೆ ಜಪಾನೀ ಎಳ್ಳೆಣ್ಣೆಯ ಬದಲಿಗೆ ಬರುವುದಿಲ್ಲ. ಅವರದು ಹುರಿದ ಎಳ್ಳಿನದು, ಕೊನೆಯಲ್ಲಿ ಘಮಕ್ಕೆ ನಾಲ್ಕು ಹನಿ ಹಾಕುವುದು. ಕರಿಯಲು ಸೂರ್ಯಕಾಂತಿ ಎಣ್ಣೆಯಂಥ ವಾಸನೆ ಇಲ್ಲದ ಎಣ್ಣೆ ಇರಲಿ. ಗಾಣದ ಕಡಲೆಕಾಯಿ ಎಣ್ಣೆ ಎಷ್ಟೇ ಒಳ್ಳೆಯದಾದರೂ ಇಲ್ಲಿ ಅದರ ವಾಸನೆಯೇ ಮೇಲಾಗುತ್ತದೆ.

ಯಾಕಿ ನಾಸು

ಸುಟ್ಟ ಬದನೆಕಾಯಿ ಗೊಜ್ಜು ಮಾಡುವ ಮನೆಗಳಲ್ಲಿ ಇದರ ಮುಕ್ಕಾಲು ಭಾಗ ಗೊತ್ತಿರುವುದೇ. ವ್ಯತ್ಯಾಸ ಇಷ್ಟು: ಎಣ್ಣೆ ಸವರುವುದಿಲ್ಲ, ತಿರುಳನ್ನು ಕಿವುಚುವುದಿಲ್ಲ.

100 ರಿಂದ 120 ಗ್ರಾಂನ 4 ಉದ್ದ ಬದನೆ ತೊಳೆದು ಒರೆಸಿ. ತೊಟ್ಟಿನ ಎಸಳುಗಳನ್ನು ಕತ್ತರಿಸಿ, ತೊಟ್ಟು ಮಾತ್ರ ಹಿಡಿಕೆಗೆ ಇರಲಿ. ತೊಟ್ಟಿನ ಬುಡದ ಸುತ್ತ ಸಿಪ್ಪೆಯಷ್ಟೇ ಆಳಕ್ಕೆ ಒಂದು ಗೀರು, ಅಲ್ಲಿಂದ ತುದಿಯವರೆಗೆ ನಾಲ್ಕು ಉದ್ದ ಗೀರು ಎಳೆಯಿರಿ. ಈ ಗೀರುಗಳಿಂದ ಕಾಯಿ ಸಿಡಿಯುವುದಿಲ್ಲ, ಸಿಪ್ಪೆಯೂ ಪಟ್ಟಿಪಟ್ಟಿಯಾಗಿ ಬರುತ್ತದೆ.

ಗ್ಯಾಸ್ ಒಲೆಯ ಮೇಲೆ ಫುಲ್ಕಾ ಜಾಲರಿ ಇಟ್ಟು ದೊಡ್ಡ ಉರಿಯಲ್ಲಿ ಬದನೆ ಇಡಿ. ಎರಡು ಮೂರು ನಿಮಿಷಕ್ಕೊಮ್ಮೆ ಇಕ್ಕಳದಿಂದ ಕಾಲು ಸುತ್ತು ತಿರುಗಿಸಿ. ಒಟ್ಟು 10 ರಿಂದ 12 ನಿಮಿಷ ಬೇಕು. ಸಿಪ್ಪೆ ಪೂರ್ತಿ ಕರಕಲಾಗಬೇಕು. ಹೆದರಿ ಬೇಗ ಇಳಿಸಿದರೆ ಸಿಪ್ಪೆ ತಿರುಳಿಗೆ ಅಂಟಿಕೊಂಡೇ ಇರುತ್ತದೆ. ಸಣ್ಣ ಉರಿಯಲ್ಲಿ ಇಟ್ಟರೆ ಕರಕಲಾಗುವ ಮೊದಲೇ ಒಳಗಿನ ರಸ ಆರಿ ಕಾಯಿ ಸೊರಗುತ್ತದೆ. ಕೊನೆಗೆ ಬೇಯುವುದು ತೊಟ್ಟಿನ ಬಳಿಯ ಕತ್ತು. ಇಕ್ಕಳದಿಂದ ಅಲ್ಲಿ ಒತ್ತಿ ನೋಡಿ, ತಡೆಯಿಲ್ಲದೆ ಒಳಗೆ ಹೋದರೆ ಆಯಿತು.

ಬಿಸಿ ಇರುವಾಗಲೇ ಸಿಪ್ಪೆ ತೆಗೆಯಬೇಕು. ಪಕ್ಕದಲ್ಲಿ ತಣ್ಣೀರು ಇಟ್ಟುಕೊಂಡು ಬೆರಳು ಅದ್ದುತ್ತಾ ತೊಟ್ಟಿನ ಕಡೆಯಿಂದ ಕೆಳಕ್ಕೆ ಎಳೆಯಿರಿ. ಬದನೆಯನ್ನೇ ನೀರಿನಲ್ಲಿ ಮುಳುಗಿಸಬೇಡಿ, ಸುಟ್ಟ ಘಮವೆಲ್ಲ ತೊಳೆದುಹೋಗುತ್ತದೆ. ಅಲ್ಲಲ್ಲಿ ಉಳಿದ ಕಪ್ಪು ಚೂರನ್ನು ಒದ್ದೆ ಬಟ್ಟೆಯಿಂದ ಒರೆಸಿ. ಈಗ ತೊಟ್ಟು ಕತ್ತರಿಸಿ, ತಿರುಳನ್ನು ಕೈಯಿಂದ ಉದ್ದಕ್ಕೆ ನಾಲ್ಕು ಸೀಳು ಮಾಡಿ. ಚಾಕು ಬೇಡ, ಕೈಯಿಂದ ಸೀಳಿದ ಒರಟು ಮುಖ ಸೋಯಾ ಸಾಸನ್ನು ಚೆನ್ನಾಗಿ ಹಿಡಿಯುತ್ತದೆ.

ತಟ್ಟೆಯಲ್ಲಿ ಜೋಡಿಸಿ ಮೇಲೆ 2 ಟೀ ಚಮಚ ತುರಿದ ಶುಂಠಿ ಇಡಿ. ತಿನ್ನುವ ಗಳಿಗೆಯಲ್ಲಿ 1 ದೊಡ್ಡ ಚಮಚ ಸೋಯಾ ಸಾಸ್ ಬಿಡಿ. ಮೊದಲೇ ಬಿಟ್ಟರೆ ಬದನೆ ನೀರು ಬಿಟ್ಟು ಎಲ್ಲ ತೆಳುವಾಗುತ್ತದೆ. ಜಪಾನಿನಲ್ಲಿ ಇದರ ಮೇಲೆ ಕೆರೆದ ಒಣ ಮೀನು ಉದುರಿಸುತ್ತಾರೆ. ಸಸ್ಯಾಹಾರಿಗಳಿಗೆ ಹುರಿದು ಒರಟಾಗಿ ಕುಟ್ಟಿದ ಬಿಳಿ ಎಳ್ಳು ಸಾಕು. ಏಪ್ರಿಲ್ ಬಿಸಿಲಿಗೆ ಫ್ರಿಜ್ಜಿನಲ್ಲಿ ಒಂದು ಗಂಟೆ ತಣಿಸಿ ತಿಂದರೆ ಇನ್ನೂ ಹಿತ.

ನಾಸು ದೆಂಗಾಕು

ಮೂರರಲ್ಲಿ ಹೆಚ್ಚು ಕೆಡುವುದು ಇದೇ, ಚೆನ್ನಾಗಿ ಬಂದರೆ ಹೆಚ್ಚು ಮೆಚ್ಚುಗೆ ಪಡೆಯುವುದೂ ಇದೇ. ಮೊದಲು ಮಿಸೊ ಹದ ಮಾಡಿಟ್ಟುಕೊಳ್ಳಿ.

2 ದಪ್ಪ ಬದನೆಗೆ 3 ದೊಡ್ಡ ಚಮಚ ಕೆಂಪು ಮಿಸೊ, 2 ದೊಡ್ಡ ಚಮಚ ಪುಡಿ ಬೆಲ್ಲ, 4 ದೊಡ್ಡ ಚಮಚ ನೀರು. ಬೆಲ್ಲವನ್ನು ನೀರಲ್ಲಿ ಕರಗಿಸಿ ಸೋಸಿ, ಬೆಲ್ಲದ ಮರಳು ಮಿಸೊಗೆ ಸೇರಿದರೆ ಆಮೇಲೆ ತೆಗೆಯಲಾಗದು. ಚಿಕ್ಕ ಪಾತ್ರೆಯಲ್ಲಿ ಮಿಸೊಗೆ ಈ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿ ಮರದ ಸೌಟಿನಿಂದ ತಳ ಬಿಡದೆ ಕೈಯಾಡಿಸಿ, ನಾಲ್ಕೈದು ನಿಮಿಷ. ಸೌಟಿನಿಂದ ತಳದಲ್ಲಿ ಗೆರೆ ಎಳೆದರೆ ಅದು ಒಂದು ಕ್ಷಣ ನಿಂತು ನಿಧಾನಕ್ಕೆ ಮುಚ್ಚಿಕೊಳ್ಳಬೇಕು. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ಅಲ್ಲಿಗೇ ನಿಲ್ಲಿಸಿ. ಬಿಳಿ ಮಿಸೊ ಆದರೆ 4 ದೊಡ್ಡ ಚಮಚ ಮಿಸೊ, 1 ದೊಡ್ಡ ಚಮಚ ಸಕ್ಕರೆ, 2 ದೊಡ್ಡ ಚಮಚ ನೀರು. ಉಪ್ಪು ಎಲ್ಲೂ ಬೇಡ, ಬದನೆಗೂ ಸವರಬೇಡಿ.

1. ಬದನೆಯನ್ನು ತೊಟ್ಟಿನ ಸಮೇತ ಉದ್ದಕ್ಕೆ ಎರಡು ಸೀಳು ಮಾಡಿ. ಪ್ರತಿ ಹೋಳಿನ ಬೆನ್ನಿನಿಂದ ತೆಳುವಾಗಿ ಸಿಪ್ಪೆ ಕೆತ್ತಿ, ಅಲುಗಾಡದೆ ಕೂರುವಂತಾಗಬೇಕು.

2. ತಿರುಳಿನ ಮೇಲೆ 1 ಸೆಂ.ಮೀ. ಅಂತರದಲ್ಲಿ ಓರೆಯಾಗಿ ಗೀರು, ಅದಕ್ಕೆ ಅಡ್ಡಲಾಗಿ ಮತ್ತೆ ಗೀರು ಹಾಕಿ. ಆಳ ತಿರುಳಿನ ಮೂರನೇ ಎರಡು ಭಾಗ. ಸಿಪ್ಪೆಗೆ ಚಾಕು ತಾಗಿದರೆ ಬೆಂದ ಮೇಲೆ ಹೋಳು ಹರಿದು ಬೀಳುತ್ತದೆ. ಅಂಚಿನಿಂದ ಅರ್ಧ ಸೆಂ.ಮೀ. ಒಳಗೆ ಸುತ್ತಲೂ ಒಂದು ಗೀರು ಹಾಕಿದರೆ ಚಮಚದಲ್ಲಿ ತೆಗೆದು ತಿನ್ನಲು ಸಲೀಸು.

3. ದಪ್ಪ ತಳದ ಬಾಣಲೆಯಲ್ಲಿ 3 ದೊಡ್ಡ ಚಮಚ ಎಣ್ಣೆ ಕಾಯಿಸಿ (ಹಬೆಯಲ್ಲಿ ಬೇಯಿಸಿದ್ದರೆ ಒಂದೂವರೆ ಚಮಚ ಸಾಕು). ಎಣ್ಣೆ ಚೆನ್ನಾಗಿ ಕಾದ ಮೇಲೆ ಸೀಳಿದ ಮುಖ ಕೆಳಗಾಗಿ ಇಟ್ಟು ಮಧ್ಯಮ ಉರಿಯಲ್ಲಿ 4 ರಿಂದ 5 ನಿಮಿಷ ಬಿಡಿ. ಎಣ್ಣೆ ಎಲ್ಲ ಹೀರಿಕೊಂಡಂತೆ ಕಂಡರೂ ಮತ್ತೆ ಸುರಿಯಬೇಡಿ.

4. ಮುಖ ಹೊಂಬಣ್ಣಕ್ಕೆ ಬಂದ ಮೇಲೆ ತಿರುಗಿಸಿ, ಬದಿಯಲ್ಲಿ 2 ದೊಡ್ಡ ಚಮಚ ನೀರು ಬಿಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 6 ರಿಂದ 8 ನಿಮಿಷ ಬೇಯಿಸಿ. ದಪ್ಪ ಭಾಗಕ್ಕೆ ಊದಿನಕಡ್ಡಿಯಷ್ಟು ಸಣ್ಣ ಬಿದಿರು ಕಡ್ಡಿ ಚುಚ್ಚಿದರೆ ಒಂದಿಷ್ಟೂ ತಡೆ ಇರಬಾರದು. ಇಲ್ಲಿ ಎರಡು ನಿಮಿಷ ಹೆಚ್ಚಾದರೂ ನಷ್ಟವಿಲ್ಲ, ಕಡಿಮೆಯಾದರೆ ಎಲ್ಲ ಹಾಳು.

5. ಮುಖದ ಮೇಲೆ ಹದ ಮಾಡಿದ ಮಿಸೊವನ್ನು 3 ಮಿ.ಮೀ. ದಪ್ಪಕ್ಕೆ ಸವರಿ. ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ದರೆ ಮೇಲಿನ ಕಾಯಿಲ್ ಮಾತ್ರ ಹಾಕಿ 230 ಡಿಗ್ರಿಗೆ ಮೊದಲೇ ಕಾಯಿಸಿ, 3 ರಿಂದ 4 ನಿಮಿಷ ಇಡಿ. ಮಿಸೊ ಗುಳ್ಳೆ ಎದ್ದು ಅಂಚಿನಲ್ಲಿ ಕಂದು ಚುಕ್ಕೆ ಬಂದ ತಕ್ಷಣ ತೆಗೆಯಿರಿ. ಬಾಗಿಲ ಮುಂದೆಯೇ ನಿಂತಿರಬೇಕು, ಬೆಲ್ಲ ಇರುವುದರಿಂದ ಕಂದು ಬಣ್ಣಕ್ಕೂ ಸೀದ ಕಹಿಗೂ ಅರ್ಧ ನಿಮಿಷದ ಅಂತರ.

ಓಟಿಜಿ ಇಲ್ಲದವರು ಮಿಸೊ ಹಚ್ಚಿದ ಮುಖವನ್ನು ಕಾವಲಿಗೆ ಬೋರಲು ಹಾಕಲು ಹೋಗಬೇಡಿ. ಅದು ತಳಕ್ಕೆ ಹಿಡಿದು ಸೀದುಹೋಗುತ್ತದೆ. ಬದಲಿಗೆ ಮಿಸೊವನ್ನು ಪಾತ್ರೆಯಲ್ಲೇ ಇನ್ನೊಂದು ನಿಮಿಷ ಹೆಚ್ಚು ಕಾಯಿಸಿ, ಹುರಿದ ಘಮ ಬಂದ ಮೇಲೆ ಬಿಸಿ ಬದನೆಗೆ ಸವರಿ ಎರಡು ನಿಮಿಷ ಮುಚ್ಚಿಡಿ. ಮೇಲೆ ಹುರಿದ ಎಳ್ಳು ಉದುರಿಸಿ ಬಿಸಿಯಾಗಿಯೇ ಬಡಿಸಿ.

ದಾಶಿ, ಆಮೇಲೆ ಅಗೆಬಿತಾಶಿ

ದಾಶಿ ಎಂಬ ತಿಳಿಸಾರು ಜಪಾನೀ ಅಡುಗೆಯ ಬುನಾದಿ. ಕೊಂಬು ಎಂಬ ಒಣ ಕಡಲಪಾಚಿಯ ರುಚಿ ಗ್ಲುಟಮೇಟ್ ಎಂಬ ಅಂಶದಿಂದ ಬರುತ್ತದೆ ಎಂದು 1908 ರಲ್ಲಿ ಟೋಕಿಯೊದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ ಕಂಡುಕೊಂಡು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಒಣ ಶಿಟಾಕೆ ಅಣಬೆಯಲ್ಲಿರುವ ಗ್ವಾನಿಲೇಟ್ ಎಂಬ ಅಂಶ ಗ್ಲುಟಮೇಟ್ ಜೊತೆ ಸೇರಿದಾಗ ರುಚಿ ಹಲವು ಪಟ್ಟು ಏರುತ್ತದೆ. ಅಲ್ಲಿನ ಬೌದ್ಧ ದೇಗುಲಗಳ ಸಸ್ಯಾಹಾರದ ಅಡುಗೆ ನಿಂತಿರುವುದು ಬಹುಮಟ್ಟಿಗೆ ಈ ಜೋಡಿಯ ಮೇಲೆ.

5 ಗ್ರಾಂ ಕೊಂಬು, 3 ಒಣ ಶಿಟಾಕೆಯನ್ನು 600 ಮಿ.ಲೀ. ನೀರಲ್ಲಿ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಕೊಂಬುವಿನ ಮೇಲಿನ ಬಿಳಿ ಪುಡಿ ಬೂಷ್ಟಲ್ಲ, ರುಚಿಯ ಅಂಶವೇ, ತೊಳೆಯಬೇಡಿ. ಬೆಳಿಗ್ಗೆ ಸಣ್ಣ ಉರಿಯಲ್ಲಿ ಕಾಯಿಸಿ, ತಳದಲ್ಲಿ ಸಣ್ಣ ಗುಳ್ಳೆ ಕಾಣಿಸಿದೊಡನೆ ಕೊಂಬು ತೆಗೆದುಬಿಡಿ. ಕುದಿ ಬಂದರೆ ಲೋಳೆ, ಪಾಚಿಯ ವಾಸನೆ ಎರಡೂ ಬಿಡುತ್ತದೆ. ಅಣಬೆ 5 ನಿಮಿಷ ಕುದಿಯಲಿ, ಆಮೇಲೆ ಸೋಸಿ. ಗಡಸು ನೀರಿನಲ್ಲಿ ಕೊಂಬು ತನ್ನ ರುಚಿ ಸರಿಯಾಗಿ ಬಿಡುವುದಿಲ್ಲ. ಆದ್ದರಿಂದ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಇದಕ್ಕೆ ಮಾತ್ರ ಫಿಲ್ಟರ್ ನೀರು ಅಥವಾ ಕಾವೇರಿ ನೀರು ಇರಲಿ. ಕೊಂಬುವಿನಲ್ಲಿ ಅಯೋಡಿನ್ ಬಹಳ, ಥೈರಾಯ್ಡ್ ತೊಂದರೆ ಇರುವವರು ಅಣಬೆಯ ದಾಶಿ ಮಾತ್ರ ಮಾಡಿಕೊಳ್ಳುವುದು ಒಳ್ಳೆಯದು.

ಅಗೆಬಿತಾಶಿಗೆ 300 ಮಿ.ಲೀ. ದಾಶಿ, 3 ದೊಡ್ಡ ಚಮಚ ಸೋಯಾ ಸಾಸ್, ಒಂದೂವರೆ ದೊಡ್ಡ ಚಮಚ ಸಕ್ಕರೆ ಸೇರಿಸಿ ಒಂದು ಕುದಿ ಬರಿಸಿ ಅಗಲವಾದ ಪಾತ್ರೆಗೆ ಸುರಿದಿಡಿ. ಬೆಲ್ಲ ಹಾಕಿದರೆ ಸಾರು ಕದಡಿ ಮಂಕಾಗುತ್ತದೆ.

400 ಗ್ರಾಂ ನೇರಳೆ ಬದನೆಯನ್ನು ಉದ್ದಕ್ಕೆ ಸೀಳಿ, ಸಿಪ್ಪೆಯ ಮೇಲೆ 3 ಮಿ.ಮೀ. ಅಂತರದಲ್ಲಿ ಓರೆಯಾಗಿ ತೆಳು ಗೀರು ಹಾಕಿ. ಸಾರು ಒಳಗೆ ಇಳಿಯುವುದು ಈ ಗೀರುಗಳಿಂದಲೇ. ಎಣ್ಣೆ 180 ಡಿಗ್ರಿಗೆ ಕಾಯಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಚೂರು ಹಿಟ್ಟು ಹಾಕಿ ನೋಡಿ, ತಳ ಮುಟ್ಟದೆ ತಕ್ಷಣ ಮೇಲೇಳಬೇಕು. ಒರೆಸಿದ ಹೋಳುಗಳನ್ನು ಸಿಪ್ಪೆ ಕೆಳಗಾಗಿ ಬಿಟ್ಟು 2 ನಿಮಿಷ, ತಿರುಗಿಸಿ 1 ನಿಮಿಷ ಕರಿಯಿರಿ. ಸಿಪ್ಪೆಯ ಬಣ್ಣವಾದ ನಾಸುನಿನ್ ನೀರಲ್ಲಿ ಕರಗುವಂಥದ್ದು, ನಿಧಾನವಾಗಿ ಬೆಂದರೆ ಕಂದಾಗುತ್ತದೆ. ಚೆನ್ನಾಗಿ ಕಾದ ಎಣ್ಣೆ ಸಿಪ್ಪೆಯನ್ನೇ ಮೊದಲು ಸೋಕಿದರೆ ನೇರಳೆ ಉಳಿಯುತ್ತದೆ. ಒಮ್ಮೆಗೆ ನಾಲ್ಕೈದು ಹೋಳಿಗಿಂತ ಹೆಚ್ಚು ಹಾಕಿದರೆ ಎಣ್ಣೆ ತಣಿದು, ಬಣ್ಣವೂ ಹೋಗಿ ಕಾಯಿ ಎಣ್ಣೆಯನ್ನೂ ಕುಡಿಯುತ್ತದೆ.

ಕರಿದ ಹೋಳುಗಳನ್ನು ಜಾಲರಿಯ ಮೇಲೆ ಒಂದು ನಿಮಿಷ ಇಟ್ಟು, ಬಿಸಿಯಾಗಿರುವಾಗಲೇ ಬೆಚ್ಚಗಿನ ಸಾರಿಗೆ ಸಿಪ್ಪೆ ಮೇಲಾಗಿ ಜೋಡಿಸಿ. ತಣಿಯುತ್ತಾ ಬಂದಂತೆ ಸಾರು ಒಳಗೆ ಇಳಿಯುತ್ತದೆ. ಅರ್ಧ ಗಂಟೆಯಲ್ಲಿ ತಿನ್ನಬಹುದು, ಫ್ರಿಜ್ಜಿನಲ್ಲಿ ಮೂರು ಗಂಟೆ ಇದ್ದರೆ ನಿಜವಾದ ರುಚಿ. ಮರುದಿನಕ್ಕೆ ಇನ್ನೂ ಚೆನ್ನ, ಮೂರನೇ ದಿನದೊಳಗೆ ಮುಗಿಸಿ. ಬಡಿಸುವಾಗ ತುರಿದ ಶುಂಠಿ ಅಥವಾ ಮೂಲಂಗಿ ತುರಿ ಹಿಂಡಿ ಮೇಲಿಡಿ.

ಯಾವುದರ ಜೊತೆ

ಅನ್ನಕ್ಕೆ ಸೋನಾ ಮಸೂರಿಯೇ ಸಾಕು. ಮಾಮೂಲಿಗಿಂತ ಕಾಲು ಲೋಟ ನೀರು ಹೆಚ್ಚು ಹಾಕಿ ಒಂದಕ್ಕೊಂದು ಅಂಟುವಂತೆ ಮೆತ್ತಗೆ ಮಾಡಿ. ಮುದ್ದೆಗೆ ಇವು ಯಾವುದೂ ಹೊಂದುವುದಿಲ್ಲ. ಅಗೆಬಿತಾಶಿಯ ಸಾರು ತೀರ ತೆಳು, ದೆಂಗಾಕು ತೀರ ಗಟ್ಟಿ. ಒಗ್ಗರಣೆ, ಕೊತ್ತಂಬರಿ ಸೊಪ್ಪು, ಕರಿಬೇವು ಮೂರೂ ದೂರ ಇರಲಿ, ಅವು ಬಂದರೆ ದಾಶಿ ಮಿಸೊಗಳ ಸಣ್ಣ ದನಿ ಕೇಳಿಸುವುದೇ ಇಲ್ಲ. ಖಾರ ಬೇಕೇ ಬೇಕೆನ್ನುವವರು ಯಾಕಿ ನಾಸುವಿನ ಶುಂಠಿಯ ಜೊತೆ ಒಂದು ಹಸಿಮೆಣಸಿನಕಾಯಿಯನ್ನು ಬೀಜ ತೆಗೆದು ತೆಳುವಾಗಿ ಹೆಚ್ಚಿ ಹಾಕಬಹುದು.

ಉಳಿದ ದೆಂಗಾಕು ಮಿಸೊ ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ. ಮಾರನೆಯ ದಿನ ಬದನೆಯನ್ನೂ ದಪ್ಪ ಮೆಣಸಿನಕಾಯಿಯನ್ನೂ ಒಂದೇ ಗಾತ್ರದ ಹೋಳು ಮಾಡಿ ದೊಡ್ಡ ಉರಿಯಲ್ಲಿ ಹುರಿದು, ಬದನೆ ಪೂರ್ತಿ ಮೆತ್ತಗಾದ ಮೇಲೆ 2 ದೊಡ್ಡ ಚಮಚ ಈ ಮಿಸೊ ಹಾಕಿ ಅರ್ಧ ನಿಮಿಷ ಕೈಯಾಡಿಸಿ ಇಳಿಸಿದರೆ ಡಬ್ಬಿ ಊಟಕ್ಕೆ ಒಂದು ಪಲ್ಯ ಸಿದ್ಧ.